ಗುತ್ತಿಗಾರಿನಿಂದ ಮಂಗಳೂರಿಗೆ ಹೋದ ಕಂಪ್ಯೂಟರುಗಳು

ಮಾನ್ಯರೇ,

ರಾಜಧಾನಿಯ ಆಚೆಗೂ ಮಾಹಿತಿ ತಂತ್ರಜ್ಞಾನವನ್ನು ಹರಡುವ ಹೊಣೆ ಹೊತ್ತವರು ನೀವು. ನಮ್ಮ ಗುತ್ತಿಗಾರಿನ ಕಂಪ್ಯೂಟರ್ ಕೇಂದ್ರ ಯಶಸ್ವಿಯಾಗಿ ನಡೆಯುತ್ತಿದೆ ಎಂದು ಮೊನ್ನೆಯ ಸಮಾವೇಶದಲ್ಲಿ ಹೇಳಿದಿರಿ. ಆ ಕೇಂದ್ರಕ್ಕೆ ಬೀಗ ಬಿದ್ದು ಒಂದು ಮಳೆಗಾಲ ಕಳೆಯಿತು. ಈಗ ಅಲ್ಲಿ ರಬ್ಬರ್ ಶೀಟುಗಳ ದಾಸ್ತಾನಿದೆ. ಅದನ್ನು ಯಾವ ತಂತ್ರಜ್ಞಾನದ ಲೆಕ್ಕಕ್ಕೆ ಸೇರಿಸಿಕೊಂಡಿದ್ದೀರೋ ತಿಳಿಯದು.

ನಾನು ಅಲ್ಲಿ ಮೇಲ್ವಿಚಾರಕಿಯಾಗಿದ್ದೆ. ನಾವು ಕಂಡರಿಯದ ದೇಶಗಳ ರಸ್ತೆಯ ಚಿತ್ರಗಳಲ್ಲಿ ಕಾರು ಯಾವುದು, ಮನುಷ್ಯ ಯಾರು ಎಂದು ಗುರುತು ಹಾಕುವುದು ನಮ್ಮ ಕೆಲಸ. ಚಾಲಕನಿಲ್ಲದ ವಾಹನಗಳಿಗೆ ಕಲಿಸಲು ಅದು ಬೇಕಂತೆ. ಅಲ್ಲಿದ್ದವರಲ್ಲಿ ಹೆಚ್ಚಿನವರು ಊರು ಬಿಟ್ಟು ಹೋಗಲಾಗದ ಹೆಂಗಸರು. ಅವರಲ್ಲೊಬ್ಬಳು ಶಮೀನಾ. ಕಾಲೇಜಿನ ಕೊನೆಯ ವರ್ಷದಲ್ಲಿ ಬಸ್ಸಿನಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವಳು. ಕೇಂದ್ರ ಅವಳ ಮನೆಯಿಂದ ಗಾಲಿಕುರ್ಚಿಯಲ್ಲಿ ಬರುವಷ್ಟೇ ದೂರ. ಮೊದಲ ದಿನ ಅವಳು ಉಮ್ಮ ಎಂದು ಕರೆಯುವ ತಾಯಿ ನೆಬೀಸ ಸಂಜೆಯವರೆಗೂ ಬಾಗಿಲಲ್ಲೇ ಕಾದಿದ್ದರು. ವರ್ಷ ತುಂಬುವುದರೊಳಗೆ ಇತರರ ಕೆಲಸ ಪರಿಶೀಲಿಸುವ ಜವಾಬ್ದಾರಿ ಶಮೀನಾಳಿಗೆ ಬಂತು. ಮನೆಯಲ್ಲಿ ಯಾರದಾದರೂ ಮದುವೆಯ ಮಾತು ಬಂದರೆ ಈಗ ತನ್ನ ಅಭಿಪ್ರಾಯವನ್ನೂ ಕೇಳುತ್ತಾರೆ ಎಂದು ನನ್ನಲ್ಲಿ ಹೇಳಿಕೊಂಡಿದ್ದಳು.

ಆಮೇಲೆ ಆನೆಗಳು ತೋಟಕ್ಕಿಳಿದು ಮರವೊಂದನ್ನು ವಿದ್ಯುತ್ ತಂತಿಯ ಮೇಲೆ ಕೆಡವಿದವು. ಬೆನ್ನಿಗೇ ಗಾಳಿಮಳೆ. ಕರೆಂಟಿಲ್ಲ, ಇಂಟರ್ನೆಟ್ಟಿಲ್ಲ. ಉದ್ಘಾಟನೆಯ ದಿನ ನೀವು ಮಾತು ಕೊಟ್ಟಿದ್ದ ಜನರೇಟರ್ ಬರಲೇ ಇಲ್ಲ. ಕೆಲಸ ಕೊಟ್ಟ ಕಂಪೆನಿ ಬೇಸತ್ತು, ಕೇಂದ್ರವನ್ನು ಮಂಗಳೂರಿಗೆ ಒಯ್ಯುವುದಾಗಿ ತಿಳಿಸಿತು. ನಾನು ಆನೆಗಳನ್ನು ದೂರುವುದಿಲ್ಲ. ಅವು ಭಾಷಣ ಮಾಡಿರಲಿಲ್ಲ.

ನೀವು ಪುತ್ತೂರಿಗೆ ಬಂದಾಗ ನಾನೂ ಶಮೀನಾಳೂ ನಿಮ್ಮನ್ನು ಕಾಣಲು ಬಂದೆವು. ನಿಮ್ಮ ಸಭೆ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಗುರುತಿಲ್ಲದ ಗಂಡಸರು ಅವಳನ್ನು ಕುರ್ಚಿಸಹಿತ ಎತ್ತಿ ತಂದರು. ಮೇಲೆ ಮುಟ್ಟುವವರೆಗೂ ಶಮೀನಾ ಕಣ್ಣು ಮುಚ್ಚಿಕೊಂಡಿದ್ದಳು. ನಿಮ್ಮೆದುರು ಮಾತ್ರ ನೇರವಾಗಿ ನಿಮ್ಮನ್ನೇ ನೋಡಿ ಮಾತಾಡಿದಳು.

“ಸರ್, ಕೆಲಸ ನಮಗೆ ಗೊತ್ತುಂಟು. ಜನರೇಟರ್ ಒಂದು ಬಂದ್ರೆ ಸಾಕು, ಕಂಪೆನಿಯವರು ನಿಲ್ತಾರೆ.”

ನೀವು ಅವಳ ಕುರ್ಚಿಯನ್ನು ನೋಡಿದಿರಿ. ನೋಡಿಯೂ, “ಮಂಗಳೂರೇನು ದೂರ ಅಲ್ಲವಲ್ಲಮ್ಮಾ, ಹೋಗಿ ಬರಬಹುದು” ಎಂದಿರಿ.

ಹೇಗೆ ಹೋಗಿ ಬರುವುದು ಸ್ವಾಮಿ? ನಮ್ಮೂರಿನ ಬಸ್ಸಿಗೆ ಗಾಲಿಕುರ್ಚಿ ಹತ್ತುತ್ತದೆಯೇ? ರಾಜಧಾನಿಯಲ್ಲಿದ್ದುದನ್ನು ಇನ್ನೊಂದು ನಗರಕ್ಕೆ ಒಯ್ದರೆ ಹರಡಿದಂತಾಯಿತೇ? ಕೆಲಸ ಬೇಕಾದವರು ಪೇಟೆಗೆ ಹೋಗಲಿ ಎನ್ನುವುದಕ್ಕೆ ಒಂದು ಇಲಾಖೆ, ಒಂದು ನೀತಿ, ಇಷ್ಟೊಂದು ಸಮಾವೇಶಗಳು ಬೇಕಿದ್ದವೇ? ಅದನ್ನು ನಮ್ಮವರು ಯಾರ ಮಾರ್ಗದರ್ಶನವೂ ಇಲ್ಲದೆ ಮೊದಲಿನಿಂದಲೂ ಮಾಡುತ್ತಿದ್ದಾರೆ.

ಕಂಪ್ಯೂಟರುಗಳನ್ನು ವ್ಯಾನಿಗೆ ತುಂಬಿದ ದಿನ ಶಮೀನಾ ಬರಲಿಲ್ಲ. ಈಗ ಅಂಗಳಕ್ಕೂ ಬರುವುದು ಕಡಿಮೆ. ನಾನು ಸುಳ್ಯದ ಬಟ್ಟೆ ಅಂಗಡಿಯಲ್ಲಿದ್ದೇನೆ. ನಮ್ಮಲ್ಲಿ ಒಬ್ಬಳೂ ಮಂಗಳೂರಿಗೆ ಹೋಗಲಿಲ್ಲ.

ಕೇಂದ್ರವನ್ನು ಮತ್ತೆ ತೆರೆಯಿರಿ ಎಂದು ನಾನು ಕೇಳುತ್ತಿಲ್ಲ. ಆ ಆಸೆ ತೀರಿತು. ನಿಮ್ಮ ಇಲಾಖೆಯ ಹೊಸ ಜಾಹೀರಾತಿನಲ್ಲಿ ಶಮೀನಾಳ ಚಿತ್ರವಿದೆ, ಕಂಪ್ಯೂಟರಿನ ಮುಂದೆ ನಗುತ್ತಿರುವುದು. ಸುಬ್ರಹ್ಮಣ್ಯದಲ್ಲಿ ಬಸ್ಸು ನಿಲ್ಲುವಲ್ಲಿ ದೊಡ್ಡದಾಗಿ ಹಾಕಿದ್ದಾರೆ. ನಾನು ಅದನ್ನು ಮೊಬೈಲಿನಲ್ಲಿ ತೋರಿಸಿದಾಗ ಅವಳು ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು.

“ಇದನ್ನು ತೆಗಿಲಿಕ್ಕೆ ಹೇಳು ಭವಿತಾ,” ಎಂದಳು. “ನಿಮ್ಮ ಮಗಳಿಗೆ ಒಳ್ಳೆ ಕೆಲಸ ಉಂಟಲ್ಲ ಅಂತ ನೆಂಟರು ಫೋನ್ ಮಾಡ್ತಾರೆ. ಉಮ್ಮ ಹೌದು ಅಂತಾರೆ.”

ಆ ಚಿತ್ರವನ್ನು ತೆಗೆಸಿ. ಅಷ್ಟು ಮಾಡಿ.

ಇಂತಿ,
ಉತ್ತರ ಬಾರದೆಂದು ಗೊತ್ತಿದ್ದೂ ಬರೆದ
ಭವಿತಾ
ಗುತ್ತಿಗಾರು