ಬುಗ್ಗೆಗೆ ಬಿದ್ದ ತಣ್ಣೀರು

ನವೆಂಬರ್ ೧೧, ಮಂಗಳವಾರ

ಅಕ್ಕ ದುಡ್ಡಿಗೆ ನಡೆಸುವ ಸ್ನಾನಗೃಹದ ಬಿಸಿನೀರಿನ ಬುಗ್ಗೆ ಆರಿಲ್ಲ. ಇದೊಂದನ್ನು ಮೊದಲು ಬರೆದುಬಿಡುತ್ತೇನೆ.

ಗುಡ್ಡದಾಚೆ ಬಿಸಿನೀರಿಗೆಂದು ಕೊಳವೆಬಾವಿ ಕೊರೆಯಲು ಜಾಗ ತೋರಿಸಿದವನು ಭೂವಿಜ್ಞಾನಿಯಾದ ನಾನೇ. ಕೊರೆದ ಮೇಲೆ ಅಕ್ಕನ ಕೊಳ ಉಗುರುಬೆಚ್ಚಗಾಗಿಬಿಟ್ಟಿತು. "ನನ್ನ ಹೊಟ್ಟೆ ಮೇಲೆ ಹೊಡೆದ್ಯಲ್ಲೋ" ಎಂದವಳು ಮಾತೇ ಬಿಟ್ಟಳು. ಪರೀಕ್ಷಿಸಿದರೆ ಕೊಳದ ನೀರಿನಲ್ಲಿ ಉಪ್ಪು ಅರ್ಧಕ್ಕಿಳಿದಿತ್ತು. ಆಳದ ಬಿಸಿನೀರು ಕಲ್ಲನ್ನು ಕರಗಿಸಿಕೊಂಡು ಉಪ್ಪುಪ್ಪಾಗಿಯೇ ಮೇಲೆ ಬರುತ್ತದೆ. ಉಪ್ಪು ಇಳಿದರೆ ತಣ್ಣೀರು ಸೇರಿದೆ ಎಂದೇ ಅರ್ಥ. ನನ್ನ ಬಾವಿ ಬಿಸಿನೀರನ್ನೆಲ್ಲ ಎಳೆದುಕೊಂಡು, ಆ ಜಾಗಕ್ಕೆ ತಣ್ಣೀರು ನುಗ್ಗಿತೇ?

ಇವತ್ತು ಬೆಳಿಗ್ಗೆ ಕೊಳದ ನೀರನ್ನು ಮತ್ತೆ ಹಿಡಿದು ತಂದ ಸೀಸೆಯ ಮುಚ್ಚಳ ತೆಗೆದರೆ ಬ್ಲೀಚಿಂಗ್ ಪುಡಿಯ ವಾಸನೆ! ಭೂಮಿಯೊಳಗೆ ಕೂತು ಬ್ಲೀಚಿಂಗ್ ಹಾಕುವವರು ಯಾರು? ಇದು ನಲ್ಲಿ ನೀರು. ಎದ್ದೆನೋ ಬಿದ್ದೆನೋ ಎಂದು ಓಡಿದೆ. ಬುಗ್ಗೆಯ ಬಾಯಲ್ಲೇ ಹಿಡಿದು ನೋಡಿದರೆ ಬಿಸಿಯೂ ಮೊದಲಿನಷ್ಟೇ, ಉಪ್ಪೂ ಮೊದಲಿನಷ್ಟೇ. ಕೊಳದ ಮೆಟ್ಟಿಲ ಮರೆಯಲ್ಲಿ ಒಂದು ಹಸಿರು ಪೈಪು ತಣ್ಣಗೆ ಮಲಗಿತ್ತು.

ಭಾವ ತಲೆ ಕೆರೆದುಕೊಂಡರು. "ಬಂದೋರೆಲ್ಲ ಸುಡುತ್ತೆ ಸುಡುತ್ತೆ ಅಂತಿದ್ರಪ್ಪ. ಅದಕ್ಕೇ ಬೆಳಿಗ್ಗೆ ಹೊತ್ತು ಸ್ವಲ್ಪ ನಲ್ಲಿ ಬಿಡ್ತಿದ್ದೆ."

ಅಕ್ಕ ಗಂಡನತ್ತ ತಿರುಗಿದಳು. "ನನ್ನ ಬದುಕಿಗೆ ತಣ್ಣೀರೆರಚಿದ್ದು ತಮ್ಮ ಅಂದ್ಕೊಂಡಿದ್ದೆ. ಪೈಪ್ ಇಟ್ಟು ಎರಚ್ತಿದ್ದೋರು ನೀವಾ!"

ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಆಮೇಲೆ ನನ್ನತ್ತ ನೋಡದೆಯೇ, "ಊಟ ಆಯ್ತೇನೋ?" ಎಂದಳು.

ಆಗಿತ್ತು. ಇಲ್ಲ ಎಂದೆ.