ಮಾತಿಗೊಂದು ಕಪ್ಪೆ

ದೊಂಬ್ ಕೆರೆಸೀಮೆ,
ಈಸ್ಟರ್ ಕಳೆದ ಗುರುವಾರ

ಪ್ರೀತಿಯ ತಂಗಿ ಓದೀಲ್‌ಗೆ,

ಅಕ್ಕ ಪೆರಿನ್ ಮಾಡುವ ಆಶೀರ್ವಾದಗಳು. ನಾನು, ಅಮ್ಮ ಕ್ಷೇಮ. ಅರಮನೆಯಲ್ಲಿರುವ ನೀನು ಕ್ಷೇಮವಾಗಿರದೆ ಇನ್ನೇನು! ಉತ್ತರ ತಡವಾಯಿತೆಂದು ಬೇಸರಪಡಬೇಡ. ಹಬ್ಬಕ್ಕೆ ಮುಂಚಿನ ಉಪವಾಸದ ವಾರಗಳಲ್ಲಿ ನನಗೆ ಉಸಿರಾಡಲೂ ಪುರಸೊತ್ತಿಲ್ಲ. ಆಗ ಮಾಂಸ ಮುಟ್ಟುವಂತಿಲ್ಲ. ಆದರೆ ಕಪ್ಪೆ ನೀರಿನದು, ಮೀನಿನ ಲೆಕ್ಕ ಎಂದು ಪಾದ್ರಿಗಳೇ ಅಪ್ಪಣೆ ಕೊಟ್ಟಿದ್ದಾರಲ್ಲ. ವರ್ಷವೆಲ್ಲ ನನ್ನನ್ನು ಕಂಡರೆ ದಾರಿ ಬದಲಿಸುವವರು ಆಗ ಬುಟ್ಟಿ ಹಿಡಿದು ಬಾಗಿಲಿಗೆ ಬರುತ್ತಾರೆ.

"ಪೆರಿನಕ್ಕ, ಏನಾದ್ರೂ ಒಂದ್ಮಾತು ಆಡಕ್ಕ," ಎಂದು ಊಟದ ಮನೆ ನಡೆಸುವ ಗಾಸ್ಪಾರ್ ಹಲ್ಲು ಗಿಂಜುತ್ತಾನೆ. "ಬೈದ್ರೂ ಪರ್ವಾಗಿಲ್ಲ. ಬೈದ್ರೆ ದಪ್ಪದಪ್ಪಗಿರೋವು ಬೀಳ್ತವೆ!"

ನಾನೂ ಮನಸಾರೆ ಬೈಯುತ್ತೇನೆ. ಬುಟ್ಟಿ ತುಂಬಿದ ಕೂಡಲೇ ಅವನು ಬೆಣ್ಣೆ ಬಾಣಲೆಯ ಕಡೆ ಓಡುತ್ತಾನೆ. ಹಬ್ಬದ ದಿನ ಊರಿಗೆಲ್ಲ ಕುರಿಮಾಂಸ. ಆಮೇಲೆ ಪೆರಿನಕ್ಕ ಯಾರೋ, ಅವರು ಯಾರೋ.

ಬಾಯಿ ಬಿಟ್ಟರೆ ನಿನಗೆ ಮಾತಿಗೊಂದು ಮುತ್ತು ಉದುರುತ್ತದೆ, ನನಗೆ ಮಾತಿಗೊಂದು ಕಪ್ಪೆ. ಬಾವಿ ಅದೇ, ವರ ಕೊಟ್ಟ ಯಕ್ಷಿಣಿಯೂ ಅವಳೇ. ನಿನ್ನೆದುರು ಹರಕು ಬಟ್ಟೆಯ ಮುದುಕಿಯಾಗಿ ನಿಂತು ನೀರು ಕೇಳಿದಳು, ನೀನು ಕೊಟ್ಟೆ. ನನಗೂ ಮುತ್ತು ಸಿಗಲೆಂದು ಅಮ್ಮ ಬೆಳ್ಳಿ ತಂಬಿಗೆ ಕೊಟ್ಟು ನನ್ನನ್ನು ಅಟ್ಟಿದಾಗ ರೇಷ್ಮೆ ಉಟ್ಟು ಬಂದಳು. "ನಿಂಗೇನು ಕೈ ಇಲ್ವಾ, ಸೇದ್ಕೊಂಡು ಕುಡಿ," ಎಂದೆ. ಇವತ್ತು ಬಂದರೂ ಅದನ್ನೇ ಹೇಳುತ್ತೇನೆ. ಮುದುಕಿಯಾಗಿ ಬಂದಿದ್ದರೆ ನಾನೂ ಕೊಡುತ್ತಿದ್ದೆನೇನೋ! ಯಕ್ಷಿಣಿಗೂ ಪಕ್ಷಪಾತ.

ಬೆಳಗಾದರೆ ನಿನ್ನ ಗಂಡ ತಟ್ಟೆ ಹಿಡಿದು ಎದುರಿಗೆ ಕೂರುತ್ತಾನೆ, ಬಿದ್ದ ಮುತ್ತು ಆಯುತ್ತಾನೆಯೇ ಹೊರತು ಆಡಿದ ಮಾತು ಕೇಳುವುದಿಲ್ಲ ಎಂದು ಬರೆದಿದ್ದೀಯ. ಓದಿ ನನಗೆ ಅಯ್ಯೋ ಅನ್ನಿಸಲಿಲ್ಲ, ಹೊಟ್ಟೆ ಉರಿಯಿತು. ಎದುರಿಗೆ ಕೂರುವವನಾದರೂ ಒಬ್ಬನಿದ್ದಾನೆ ನಿನಗೆ. ನನ್ನನ್ನು ನೋಡಲು ಬಂದ ಗಂಡು, ನಾನು "ಬನ್ನಿ" ಎಂದದ್ದೇ ತಡ, ಟೊಪ್ಪಿಗೆ ಬಿಟ್ಟು ಓಡಿದ. ಈಗ ಅದರಲ್ಲಿ ಕೋಳಿ ಮೊಟ್ಟೆ ಇಡುತ್ತದೆ.

ಅಮ್ಮನಿಗೆ ಕಣ್ಣು ಪೂರ್ತಿ ಹೋಗಿದೆ. ತಿನ್ನಿಸುವುದು, ತೊಳೆಯುವುದು ಎಲ್ಲ ನಾನೇ. ಕಪ್ಪೆ ಮೈಮೇಲೆ ಹಾರಿದರೆ ಹೆದರಿ ಕಿರುಚುತ್ತಾಳೆ, ಅದಕ್ಕೇ ಅವಳ ಹತ್ತಿರ ನಾನು ಬಾಯಿ ಬಿಡುವುದಿಲ್ಲ. ಊಟ ತಂದರೆ ಬಟ್ಟಲಿಗೆ ಚಮಚ ಬಡಿಯುತ್ತೇನೆ.

ನಿನ್ನ ಮಡಿಲು ತುಂಬಲಿ. ನಿನ್ನ ಮಾತು ಕೇಳುವ ಕಿವಿ ಒಂದಾದರೂ ನಿನಗೆ ಸಿಗಲಿ. ಹೊಟ್ಟೆಕಿಚ್ಚಿನ ನಡುವೆಯೂ ಇದನ್ನು ನಿಜವಾಗಿ ಹಾರೈಸುತ್ತಿದ್ದೇನೆ.

ನಿನ್ನ ಅಕ್ಕ,
ಪೆರಿನ್

ಮರೆತ ಮಾತು: ಮೊನ್ನೆ ಆಲಿಕಲ್ಲು ಬಿತ್ತು. ಕಿಟಕಿಯ ಹಲಗೆಯ ಮೇಲೆ ಮುತ್ತು ಉದುರಿದಂತೆ ಪಟಪಟ ಸದ್ದು ಕೇಳಿ ಅಮ್ಮ ಎದ್ದು ಕೂತಳು. "ಬಂದ್ಯಾ ಮಗಳೇ?" ಎಂದಳು. ನಿನ್ನ ಬಾಯಿಂದ ಮೊದಲ ಮುತ್ತು ಉದುರಿದ ದಿನ ನಿನ್ನನ್ನು ಹಾಗೆ ಕರೆದಳಲ್ಲ, ನೆನಪಿದೆಯಾ? ಅಲ್ಲಿಯವರೆಗೆ ನೀನು ಬರೀ "ಏ ಹುಡುಗಿ". "ಮಗಳೇ" ಅನ್ನುವುದು ನನ್ನೊಬ್ಬಳದಾಗಿತ್ತು. ಅವತ್ತಿನಿಂದ ನನಗದು ಸಿಕ್ಕಿಲ್ಲ. ನಿನ್ನ ಮುತ್ತು ನನಗೆ ಬೇಡ ಕಣೇ, ಓದೀಲ್. ನಾನು ಅವಳ ಪಕ್ಕದಲ್ಲೇ ಗಂಜಿ ಬಟ್ಟಲು ಹಿಡಿದು ಕೂತಿದ್ದೆ. "ಇಲ್ಲೇ ಇದ್ದೀನಮ್ಮ" ಎನ್ನಲು ಬಾಯಿ ತೆರೆದೆ, ಮುಚ್ಚಿಕೊಂಡೆ. ಅವಳು ತಡಕಾಡಿ ನನ್ನ ಕೈ ಹಿಡಿದು, "ಓದೀಲ್, ಅರಮನೇಲಿದ್ರೂ ನಿನ್ ಕೈ ಎಷ್ಟೊಂದು ಒರಟಾಗಿದ್ಯಲ್ಲೇ," ಎಂದಳು. ನಾನು ಕೈ ಬಿಡಿಸಿಕೊಳ್ಳಲಿಲ್ಲ.