ಪರಾತ ತೆಗೆಯಬಾರದು

ಗುರುಬಾಯಿ,

ಮೀನಿನ ತೊಟ್ಟಿಯ ಮೇಲೆ ಮುಚ್ಚಿರುವುದು ನೀನು ಹಿಟ್ಟು ಕಲೆಸುವ ಪರಾತವೇ. ನಾನು ಮರಳುವವರೆಗೆ ಅದನ್ನು ತೆಗೆಯಬಾರದು. ಕೆಂಪು ಮೀನು ಬೆಳಗ್ಗೆ ಹೊರಕ್ಕೆ ಹಾರಿ, ಪಕ್ಕದಲ್ಲಿದ್ದ ನನ್ನ ಹಲ್ಲಿನ ಸೆಟ್ಟಿನ ಲೋಟದೊಳಗೆ ಬಿದ್ದಿತು. ಮೀನಿಗೂ ಹಲ್ಲಿಗೂ ಪೆಟ್ಟಾಗಿಲ್ಲ.

ಅಂಗಡಿಯ ಚೌಕ ಮುಚ್ಚಳ ಈ ತೊಟ್ಟಿಗೆ ಹೊಂದದು. ಮುಂದಿನ ಗಾಜು ಹೊಟ್ಟೆ ಬಂದವರಂತೆ ಉಬ್ಬಿದೆ. ಅಗಲ ಹದಿನಾರು ಇಂಚು, ಉಬ್ಬು ನಾಲ್ಕು ಇಂಚು. ಆದುದರಿಂದ ತ್ರಿಜ್ಯ ಹತ್ತು ಇಂಚು. ಅಷ್ಟೇ ತ್ರಿಜ್ಯದ ವಸ್ತು ಈ ಮನೆಯಲ್ಲಿ ನಿನ್ನ ಪರಾತ ಒಂದೇ. ಅದರ ಅಂಚಿನ ಗೆರೆಯನ್ನು ಹಳೆಯ ಪತ್ರಿಕೆಯ ಮೇಲೆ ಎಳೆದುಕೊಂಡು, ಅಕ್ರಿಲಿಕ್ ಹಾಳೆ ಕತ್ತರಿಸಿ ತರಲು ಘಾಟ್ಕೋಪರಿಗೆ ಹೊರಟಿದ್ದೇನೆ.

ಗಾಳಿಯಾಡಲೆಂದು ಹಿಂಬದಿಗೆ ಚಮಚ ಸಿಕ್ಕಿಸಿದ್ದೇನೆ. ಅದನ್ನೂ ಮುಟ್ಟಬೇಡ.

ರೊಟ್ಟಿಗೆ ಪರಾತವಿಲ್ಲವೆಂದು ನೀನು ಕೂಗಾಡುವುದು ನ್ಯಾಯವೇ. ಇಂದು ಅನ್ನ ಸಾಕು. ನಾನು ರೊಟ್ಟಿ ಕೇಳುವುದಿಲ್ಲ.

ನಿನ್ನೆ ನಾನು ಮುಚ್ಚಳದ ಮಾತೆತ್ತಿದಾಗ, "ಮುಚ್ಚಳ ಹಾಕಾಕ ಅದೇನ ಸಾರ ಏನ್ರೀ?" ಎಂದು ನೀನು ತೊಟ್ಟಿಯ ಮುಂದೆಯೇ ನಕ್ಕೆ. ಮೀನು ಕೇಳಿಸಿಕೊಂಡಿದೆ. ಹಾರಾಟ ಆರಂಭವಾದದ್ದು ಅನಂತರವೇ. ಇನ್ನು ಅದರೆದುರು ಸಾರಿನ ಮಾತು ಬೇಡ.

ಅಣವೀರಪ್ಪ